ಕೊರಿನ್‌ಳನ್ನು ಊರು ಕಳಿಸಿಕೊಟ್ಟದ್ದು

ಅದು ಶುರುವಾದದ್ದು ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದ ಒಂದು ಶುಕ್ರವಾರ, ಬೀದಿಯ ಹಿಮ ಕರಗಿ ಕಪ್ಪು ಕೆಸರಾಗಿದ್ದ ಮಾರ್ಚ್ ತಿಂಗಳಲ್ಲಿ, ಸಂಜೆ ಐದರ ಹೊತ್ತಿಗೆ. ನಾನು ಊರಿನ ಬೆಂಕಿ ಆರಿಸುವ ಇಂಜಿನ್ನು ನಿಲ್ಲಿಸುವ ಫೈರ್ ಹಾಲಿನ ಅಡಿಗೆಮನೆಯಲ್ಲಿ ಕೂತು ಕಡುಬಿನ ಅಂಚು ಒತ್ತುತ್ತಿದ್ದೆ. ಮಾಂಸ ಮುಟ್ಟದ ಆ ಶುಕ್ರವಾರಗಳಲ್ಲಿ ಊರಿಗೆಲ್ಲ ಆಲೂಗಡ್ಡೆ ತುಂಬಿದ ಕಡುಬು ಬೇಯಿಸಿ ಮಾರುವುದು ನಮ್ಮೂರು ಲಾರ್ಕ್ ಪ್ಯಾಚಿನ ಹೆಂಗಸರ ಕೆಲಸ. ಬಂದದ್ದೆಲ್ಲ ಫೈರ್ ಇಂಜಿನ್ನಿನ ಖರ್ಚಿಗೆ ಹೋಗುತ್ತದೆ. ಕಡುಬು ಒತ್ತುವ ಮುದುಕಿಯನ್ನು ಯಾರೂ ಗಮನಿಸುವುದಿಲ್ಲ. ಹಾಗಾಗಿ ಅವತ್ತು ನಡೆದದ್ದನ್ನೆಲ್ಲ ನಾನು ಕಣ್ಣಾರೆ ಕಂಡೆ. ಈಗ ಊರಿನವರು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಹೇಳಲಿ. ನಾನು ಹೇಳುವುದು ನಡೆದದ್ದು.

ಲೆನಾರ್ಡ್ ನನ್ನ ತಮ್ಮನ ಮಗ. ಅಂಗಡಿಗಳಿಗೆ ಆಲೂಗಡ್ಡೆ ಚಿಪ್ಸ್ ಹಾಕುವ ವ್ಯಾನು ಓಡಿಸುತ್ತಾನೆ. ಅವನದೂ ನನ್ನದೂ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಜೋಡಿಮನೆ, ಒಂದೇ ಜಗಲಿ. ಹಿಂದೆ ಗಣಿ ಕಂಪನಿಯವರು ಕಟ್ಟಿಸಿದ್ದು. ಗೋಡೆಯ ಆಚೆ ಕೆಮ್ಮಿದರೆ ಈಚೆ ಕಷಾಯ ಕಾಯಿಸಬಹುದು. ಹುಡುಗ ಒಳ್ಳೆಯವನು. (ಐವತ್ತರ ಹತ್ತಿರ ಬಂದಿದ್ದಾನೆ, ಆದರೂ ನನಗೆ ಹುಡುಗನೇ.) ಅವನಲ್ಲಿ ಒಂದೇ ತೊಂದರೆ. ಯಾರು ಏನು ಕೇಳಿದರೂ, ಕೇಳಿದವರಿಗೆ ಖುಷಿಯಾಗುವ ಮಾತು ಅವನ ಬಾಯಿಂದ ಮೊದಲು ಹೊರಗೆ ಬೀಳುತ್ತದೆ. ನಿಜ ಏನೆಂದು ಅವನು ಆಮೇಲೆ ಯೋಚಿಸುತ್ತಾನೆ, ಅದೂ ಬಿಡುವಾದರೆ.

ಅವತ್ತು ಕೌಂಟರಿನ ಆಚೆ ಕ್ಲೆಮ್ ನಿಂತಿದ್ದ. ಕ್ಲೆಮ್ ನಮ್ಮೂರ ಫೈರ್ ಕಂಪನಿಯ, ಅಂದರೆ ಊರಿನವರೇ ಸೇರಿ ಬೆಂಕಿ ಆರಿಸುವ ತಂಡದ ಮುಖ್ಯಸ್ಥ, ಲೆನಾರ್ಡನ ಹೆಂಡತಿ ಪೌಲಿನ್‌ಳ ಅಣ್ಣ. ಅವನ ಮಗ ಡ್ವೇನ್‌ಗೆ ರಾಜ್ಯದ ದೊಡ್ಡ ಯೂನಿವರ್ಸಿಟಿಯಲ್ಲಿ ಆಗತಾನೆ ಸೀಟು ಸಿಕ್ಕಿತ್ತು. ಮಕ್ಕಳು ಎಲ್ಲಿ ಓದುತ್ತಾರೆಂದು ಬಾಯಿಬಿಟ್ಟು ಹೇಳಿಕೊಂಡರೆ ನಮ್ಮಲ್ಲಿ ಜಂಭ ಅನ್ನುತ್ತಾರೆ. ಕಾರಿನ ಹಿಂದಿನ ಗಾಜಿಗೆ ಸ್ಟಿಕ್ಕರ್ ಅಂಟಿಸಿದರೆ ಅನ್ನುವುದಿಲ್ಲ. ಕ್ಲೆಮ್ ಅಂಗೈ ಅಗಲದ್ದು ಸಾಲದೆಂದು ಗಾಜಿನ ಅಗಲದ್ದೇ ಅಂಟಿಸಿದ್ದ. ಅದು ಬೀದಿಗೆ ಕಾಣಲೆಂದು ಎಲ್ಲಿ ಹೋದರೂ ಗಾಡಿಯನ್ನು ಹಿಂದುಮುಂದಾಗಿ ನಿಲ್ಲಿಸುತ್ತಿದ್ದ.

"ಏನಯ್ಯಾ ಲೆನಾರ್ಡ್, ನಿಮ್ಮ ಹುಡುಗಿ ಏನಂತೆ?" ಅಂದ ಕ್ಲೆಮ್, ಕಡುಬಿನ ಮೇಲೆ ಬೆಣ್ಣೆ ಸುರಿಸಿಕೊಳ್ಳುತ್ತ. "ಹದಿಮೂರನೇ ಕ್ಲಾಸಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು.

ಹೈಸ್ಕೂಲು ಹನ್ನೆರಡಕ್ಕೆ ಮುಗಿಯುತ್ತದೆ. ಹೆದ್ದಾರಿಯ ಪಕ್ಕದಲ್ಲಿ, ಮುಚ್ಚಿಹೋದ ದೊಡ್ಡ ಅಂಗಡಿಯ ಹಿಂದೆ, ನಮ್ಮ ಕೌಂಟಿಯ ಕಮ್ಯುನಿಟಿ ಕಾಲೇಜಿದೆ. ಮನೆಯಲ್ಲಿ ಉಂಡು, ಬಸ್ಸಿನಲ್ಲಿ ಹೋಗಿ, ಎರಡು ವರ್ಷ ಓದಿ ಬರುವ ಜಾಗ. ಅದಕ್ಕೆ ಊರಿನವರು ಇಟ್ಟ ಹೆಸರು ಹದಿಮೂರನೇ ಕ್ಲಾಸು. ಅಲ್ಲಿಗೆ ಹೋಗುವುದೆಂದರೆ ಹೈಸ್ಕೂಲಿನಲ್ಲಿ ಇನ್ನೊಂದು ವರ್ಷ ಕೂತಂತೆ ಅಂತ ಇವರ ಲೆಕ್ಕ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಂಗಿ ಫ್ಯಾಕ್ಟರಿಯಲ್ಲಿ ಕಾಲರು ಹೊಲಿಯಲು ಕೂತವಳು. ಒಂಬತ್ತನೆಯದನ್ನೇ ಕಾಣದ ನನಗೆ ಹದಿಮೂರನೆಯದು ಹೇಗೆ ಅವಮಾನವಾಗುತ್ತದೋ ಇವತ್ತಿಗೂ ಅರ್ಥವಾಗಿಲ್ಲ. ನಕ್ಕವರಲ್ಲಿ ಅರ್ಧ ಜನ ಹನ್ನೆರಡನ್ನೇ ಕುಂಟಿಕೊಂಡು ದಾಟಿದವರು. ಯಾರು ಯಾರೆಂದು ನನಗೆ ಗೊತ್ತು.

ಲೆನಾರ್ಡನ ಕಿವಿ ಕೆಂಪಾಯಿತು. "ಕೊರಿನ್‌ಗೂ ಡ್ವೇನ್ ಹೋಗೋ ಯೂನಿವರ್ಸಿಟಿಯಲ್ಲೇ ಸೀಟು ಸಿಕ್ಕಿದೆ ಭಾವ," ಅಂದ. ಅದು ನಿಜವೇ. ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. "ಹೋಗ್ತಾಳೆ," ಅಂತ ಸೇರಿಸಿಬಿಟ್ಟ.

ಕ್ಲೆಮ್ ಕಡುಬಿನ ತಟ್ಟೆ ಕೆಳಗಿಟ್ಟು ಅವನ ಕೈ ಕುಲುಕಿದ. ಬರ್ನಡೀನ್, ನಮ್ಮ ಕಡುಬಿನ ಅಡಿಗೆಮನೆಯ ಯಜಮಾನಿ, ಒಲೆಯ ಹತ್ತಿರದಿಂದ ಓಡಿಬಂದು ಸೌಟು ಹಿಡಿದ ಕೈಯಲ್ಲೇ ಅವನನ್ನು ತಬ್ಬಿಕೊಂಡಳು. ಅವನ ಕೋಟಿನ ಬೆನ್ನಿಗೆ ಬೆಣ್ಣೆಯಾಯಿತು. ಅವನಿಗೆ ಅದು ತಿಳಿಯಲೇ ಇಲ್ಲ.

ಕೊರಿನ್ ಇನ್ನೂ ಏನೂ ತೀರ್ಮಾನ ಮಾಡಿರಲಿಲ್ಲ. ಸೀಟು ಒಪ್ಪಿಕೊಳ್ಳಲು ಮೇ ಒಂದರವರೆಗೆ ಸಮಯವಿತ್ತು. ಹೆಚ್ಚು ಮಾತಿಲ್ಲದ ಹುಡುಗಿ, ಜಗಲಿಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಯೋಚಿಸುತ್ತಿದ್ದಳು. ಮಾರನೆಯ ದಿನ ಶನಿವಾರ ಅವಳು ಹಾಗೆ ಕೂತಿದ್ದಾಗ ಲೆನಾರ್ಡ್ ಕಾರಿನ ಹಿಂದೆ ಬಗ್ಗಿ, ಒದ್ದೆ ಬಟ್ಟೆಯಿಂದ ಗಾಜು ಒರೆಸಿ, ಯೂನಿವರ್ಸಿಟಿಯ ಸ್ಟಿಕ್ಕರ್ ಅಂಟಿಸಿದ. ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಅಪ್ಪಾ, ಏನದು?"

"ಸ್ಟಿಕ್ಕರ್."

"ನಾನಿನ್ನೂ ಎಲ್ಲಿಗೆ ಹೋಗ್ತೀನಿ ಅಂತ ಹೇಳೇ ಇಲ್ವಲ್ಲ?"

"ನೀನು ಹೇಳಿದ ಮೇಲೆ ಅಂಗಡಿಯಲ್ಲಿ ಖಾಲಿಯಾದ್ರೆ?"

ಕೊರಿನ್ ಜೋರು ಮಾಡುವವಳಲ್ಲ. ಅವಳ ಸಿಟ್ಟೆಲ್ಲ ಮಾತನ್ನು ಬಿಡಿಸಿ ಬಿಡಿಸಿ ಇಡುವುದರಲ್ಲಿ. "ಅಪ್ಪಾ, ಕೇಳು. ನನಗೆ ಏನು ಓದಬೇಕು ಅಂತಾನೇ ಗೊತ್ತಿಲ್ಲ. ಅಲ್ಲಿಗೆ ಹೋಗಿ ಹುಡುಕಿದ್ರೂ ಒಂದೇ, ಇಲ್ಲಿದ್ದು ಹುಡುಕಿದ್ರೂ ಒಂದೇ. ಮೊದಲ ಎರಡು ವರ್ಷ ಕೌಂಟಿ ಕಾಲೇಜಲ್ಲಿ ಮುಗಿಸಿ, ಆಮೇಲೆ ಅದೇ ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಸೇರಬಹುದು. ಅವರವರಲ್ಲೇ ಒಪ್ಪಂದ ಆಗಿದೆ. ಕೊನೆಗೆ ಸಿಗೋ ಡಿಗ್ರಿ ಒಂದೇ."

"ಒಂದೇನಾ?"

"ಒಂದೇ."

"ಅದೇ ಹೆಸರಾ? ಅದೇ ಮೊಹರಾ?"

"ಅದೇ ಅಪ್ಪಾ."

ಲೆನಾರ್ಡ್ ಸ್ಟಿಕ್ಕರಿನ ಅಂಚನ್ನು ಬೆರಳಿಂದ ಒತ್ತಿದ. "ಹಾಗಾದ್ರೆ ಸ್ಟಿಕ್ಕರ್ ಸರಿಯಾಗೇ ಇದೆ," ಅಂದ. "ಎರಡು ವರ್ಷ ಮುಂಚೆ ಅಂಟಿಸಿದೀನಿ ಅಷ್ಟೇ."

ಅವನು ನನ್ನ ಕಡೆ ತಿರುಗಿ, "ನೋಡತ್ತೆ, ನಾನು ಸುಳ್ಳು ಹೇಳಿಲ್ಲ. ಹೋಗ್ತಾಳೆ ಅಂದೆ. ಯಾವಾಗ ಅಂತ ಒಬ್ಬರಾದ್ರೂ ಕೇಳಿದ್ರಾ?" ಅಂದ. ಅಂದರೆ ತಪ್ಪು ಕೇಳದೇ ಹೋದವರದು! ಈ ನ್ಯಾಯ ಕೇಳಿ ನನಗೆ ಮೈಯೆಲ್ಲ ಉರಿಯಿತು. ಆದರೂ ಸುಮ್ಮನಿದ್ದೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಬುಟ್ಟಿಗಳು ಬರತೊಡಗಿದ್ದು ಆಮೇಲೆ.

ಮಗು ಹಾಸ್ಟೆಲಿಗೆ ಹೊರಟಿದೆ ಎಂದು ಗೊತ್ತಾದರೆ ನಮ್ಮಲ್ಲಿ ಒಗೆಯುವ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿ ಉಡುಗೊರೆ ಕೊಡುತ್ತಾರೆ. ಖಾಲಿ ಬುಟ್ಟಿಯಲ್ಲ. ಟವೆಲ್ಲು, ಸೋಪು, ಶಾಂಪೂ, ಹಾಸ್ಟೆಲಿನ ಉದ್ದ ಮಂಚಕ್ಕೆ ಹೊಂದುವ ಉದ್ದ ಬೆಡ್‌ಶೀಟು, ಸೂಜಿ ದಾರ, ಕೆಮ್ಮಿನ ಔಷಧಿ, ಎಲ್ಲ ತುಂಬಿ ಮೇಲೆ ಪಾರದರ್ಶಕ ಹಾಳೆ ಸುತ್ತಿ ರಿಬ್ಬನ್ ಕಟ್ಟಿ ಕೊಡುವುದು. ಮೊದಲನೆಯದನ್ನು ಬರ್ನಡೀನ್ ತಂದಳು. ಅವಳು ತಂದಳೆಂದ ಮೇಲೆ ಉಳಿದವರು ತರದೆ ಇರುವುದುಂಟೇ? ಚರ್ಚಿನ ಫಾದರ್ ಭಾನುವಾರದ ಪ್ರಾರ್ಥನೆಯ ಕೊನೆಗೆ ಕೊರಿನ್‌ಳ ಹೆಸರು ಹೇಳಿ, "ನಮ್ಮ ಮಗಳು ದೂರ ಹೋಗುತ್ತಿದ್ದಾಳೆ, ಆಶೀರ್ವದಿಸೋಣ," ಅಂದುಬಿಟ್ಟರು. ಅವತ್ತು ಮಧ್ಯಾಹ್ನವೇ ನಾಲ್ಕಾರು ಬುಟ್ಟಿ ಬಂದವು. ಫಾದರ್ ತಾವೇ ಒಂದು ಮೇಜಿನ ದೀಪ ತಂದುಕೊಟ್ಟರು. ಲೆನಾರ್ಡ್ ಪ್ರತಿಯೊಂದಕ್ಕೂ ಬಾಗಿಲಲ್ಲಿ ನಿಂತು, "ಅಯ್ಯೋ, ಇದೆಲ್ಲ ಯಾಕೆ," ಅನ್ನುತ್ತಿದ್ದ. ಅವನು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ.

ಬುಟ್ಟಿಗಳು ಅವರ ನಡುಮನೆ ತುಂಬಿ, ಮೆಟ್ಟಿಲು ತುಂಬಿ, ಕೊನೆಗೆ ಗೋಡೆಯ ಈಚೆ ನನ್ನ ಮನೆಗೂ ಬಂದವು. ಹೊಲಿಗೆ ಮೆಷಿನ್ನಿನ ಮೇಲೆ ಒಂದರ ಮೇಲೊಂದು ಪೇರಿಸಿದ ಬುಟ್ಟಿಗಳ ನಡುವೆ ನಾನು ಉಂಡೆ, ಮಲಗಿದೆ.

ಒಂದು ಸಂಜೆ ಕೊರಿನ್ ಬಂದು ಆ ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು ಕೂತಳು. "ಅಜ್ಜಿ, ನಾನು ಅಲ್ಲಿಗೇ ಹೋಗಿಬಿಡ್ಲಾ?"

"ಯಾಕೆ, ಮನಸ್ಸು ಬದಲಾಯ್ತಾ?"

"ಮನಸ್ಸು ಬದಲಾಗಿಲ್ಲ. ಆದ್ರೆ ಇಷ್ಟೊಂದು ಟವೆಲ್ಲು ಇಟ್ಕೊಂಡು ಇಲ್ಲ ಅನ್ನೋದು ಹೇಗೆ?"

ನೋಡಿ, ಸಿಟ್ಟು ಬರಬೇಕಾದ್ದು ಇಲ್ಲಿಗೆ. ಒಂದು ಹುಡುಗಿ ತನ್ನ ನಾಲ್ಕು ವರ್ಷ ಎಲ್ಲಿ ಕಳೆಯಬೇಕೆಂದು ತಾನೇ ಯೋಚಿಸಿ ಒಂದು ದಾರಿ ಹಿಡಿದಿದ್ದಾಳೆ. ಅದನ್ನು ಟವೆಲ್ಲು, ಶಾಂಪೂ ಸೇರಿಕೊಂಡು ಓಟು ಹಾಕಿ ಸೋಲಿಸುವುದೇ? ನಾನು ಅವಳ ಮುಂದೆ ಎಲೆಕೋಸು ಹಾಕಿ ಹುರಿದ ನೂಡಲ್ಸು ಇಟ್ಟು, "ಟವೆಲ್ಲು ಎಲ್ಲಿದ್ರೂ ಮೈ ಒರೆಸುತ್ತೆ ಮಗಾ, ತಿನ್ನು," ಅಂದೆ. ಅವಳು ತಿಂದಳು. ಮೇ ಒಂದಕ್ಕೆ ಮುಂಚೆ ಯೂನಿವರ್ಸಿಟಿಗೆ ಈಗ ಬರುವುದಿಲ್ಲವೆಂದು ತಿಳಿಸಿ, ಕೌಂಟಿ ಕಾಲೇಜಿಗೆ ಹೆಸರು ಕೊಟ್ಟಳು. ಅಪ್ಪನ ಮುಂದೆ ನಿಂತು, "ಮುಗೀತು ಅಪ್ಪಾ, ನಾನು ತೀರ್ಮಾನ ಮಾಡಿದೆ. ಊರಿಗೆ ನೀನೇ ಹೇಳಿದ್ದು, ನೀನೇ ಸರಿಮಾಡು," ಅಂದಳು.

"ಹೇಳ್ತೀನಿ ಹೇಳ್ತೀನಿ. ಎಲ್ಲರೂ ಒಂದೇ ಕಡೆ ಸಿಕ್ಕಾಗ ಒಂದೇ ಸಲ ಹೇಳಿಬಿಡ್ತೀನಿ," ಅಂದ ಲೆನಾರ್ಡ್.

ಎಲ್ಲರೂ ಒಂದೇ ಕಡೆ ಸಿಕ್ಕಿದ್ದು ಜೂನಿನಲ್ಲಿ, ಹೈಸ್ಕೂಲು ಮುಗಿದ ಖುಷಿಗೆ ಫೈರ್ ಹಾಲಿನಲ್ಲಿ ಇಟ್ಟ ಊಟದಲ್ಲಿ. ಬರ್ನಡೀನ್ ಯೂನಿವರ್ಸಿಟಿಯ ನೀಲಿ ಬಣ್ಣ ಬಳಿದ, ಬಾಗಿಲಷ್ಟು ಉದ್ದದ ಕೇಕು ಮಾಡಿದ್ದಳು. ತಿಂದವರ ನಾಲಿಗೆಯೆಲ್ಲ ನೀಲಿ. ಲೆನಾರ್ಡ್ ಬಿಯರ್ ಲೋಟ ಎತ್ತಿಕೊಂಡು ನಿಂತ. ಪೌಲಿನ್ ಮೇಜಿನ ಕೆಳಗೆ ಜಪಮಾಲೆ ಹಿಡಿದಳು.

"ಎಲ್ಲರೂ ಸ್ವಲ್ಪ ಕೇಳಿ," ಅಂದ ಲೆನಾರ್ಡ್. ಗಂಟಲು ಸರಿಮಾಡಿಕೊಂಡ. "ಒಂದು ವಿಷಯ ಹೇಳೋದಿದೆ. ನಮ್ಮ ಕೊರಿನ್ ಏನಿದಾಳೆ... ಯೂನಿವರ್ಸಿಟಿದು... ಅದು ನಾಲ್ಕು ವರ್ಷ ಅಲ್ಲ. ಅಲ್ಲಿ ಎರಡೇ ವರ್ಷ."

ಮುಂದಿನ ಮಾತು, ಅಂದರೆ ಮೊದಲಿನ ಎರಡು ಇಲ್ಲಿ ಅನ್ನುವ ಮಾತು, ಅವನ ಗಂಟಲಿನಲ್ಲಿತ್ತು. ನಾನು ಅದನ್ನು ಅವನ ಕತ್ತಿನಲ್ಲಿ ಕಂಡೆ. ಆದರೆ ಕ್ಲೆಮ್ ಕುರ್ಚಿಯಿಂದ ಎದ್ದುನಿಂತ.

"ನಾಲ್ಕು ವರ್ಷದ್ದನ್ನ ಎರಡೇ ವರ್ಷಕ್ಕೆ ಮುಗಿಸ್ತಾಳಾ?"

"ಅಲ್ಲ ಭಾವ, ಅದು..."

"ಅಯ್ಯೋ ನಿಮ್ಮನೆ ಹಾಳಾಗ! ಇಷ್ಟು ದಿನ ಯಾಕೋ ಮುಚ್ಚಿಟ್ಟೆ?" ಕ್ಲೆಮ್‌ನ ಕಣ್ಣಲ್ಲಿ ನೀರು. ಸುಳ್ಳು ನೀರಲ್ಲ. ಅವನ ತಂಗಿಯ ಮಗಳಲ್ಲವೇ. "ಕೇಳಿದ್ರೇನ್ರೋ? ನಮ್ಮ ಪೌಲಿನ್‌ಳ ಮಗಳು ಎರಡೇ ವರ್ಷಕ್ಕೆ ಮುಗಿಸ್ತಾಳಂತೆ! ನಮ್ಮ ಡ್ವೇನ್‌ಗೆ ನಾಲ್ಕು ಬೇಕು, ಐದೂ ಆಗಬಹುದು!"

ಹಾಲ್ ತುಂಬ ಚಪ್ಪಾಳೆ ಬಿತ್ತು. ಲೆನಾರ್ಡ್ ಲೋಟ ಹಿಡಿದು ನಿಂತೇ ಇದ್ದ. ಕೊರಿನ್ ಅಪ್ಪನನ್ನೇ ನೋಡುತ್ತಿದ್ದಳು. ಅವನು ಮಗಳನ್ನು ನೋಡಿದ, ಕ್ಲೆಮ್‌ನನ್ನು ನೋಡಿದ, ಬಿಯರ್ ಕುಡಿದ, ಕೂತ.

ಅಷ್ಟರಲ್ಲಿ ಕ್ಲೆಮ್ ಮೇಜು ಕುಟ್ಟಿ ಘೋಷಿಸಿದ. ಯುದ್ಧಕ್ಕೆ ಹೋದ ಹುಡುಗರು ವಾಪಸ್ಸು ಬಂದಾಗ, ಹೈಸ್ಕೂಲಿನ ಫುಟ್‌ಬಾಲ್ ತಂಡ ರಾಜ್ಯಕ್ಕೇ ಗೆದ್ದಾಗ ಮಾತ್ರ ನಮ್ಮ ಫೈರ್ ಇಂಜಿನ್ನು ಸೈರನ್ ಹಾಕಿಕೊಂಡು ಊರಗಡಿಯವರೆಗೆ ಮುಂದೆ ಹೋಗುವುದು. ಆಗಸ್ಟಿನಲ್ಲಿ ಕೊರಿನ್ ಹೊರಡುವ ಶನಿವಾರ ಅವಳ ಕಾರಿನ ಮುಂದೆಯೂ ಹೋಗುತ್ತದೆ!

"ಡ್ವೇನ್‌ಗೆ?" ಅಂತ ಯಾರೋ ಕೇಳಿದರು.

"ಅವನು ಹಿಂದೆ ಬರ್ತಾನೆ," ಅಂದ ಕ್ಲೆಮ್.

ಜುಲೈ ಪೂರ್ತಿ ಗೋಡೆಯ ಆಚೆಯ ಜಗಳ ನನ್ನ ಪಾಲಿಗೆ ಬಂತು. ಲೆನಾರ್ಡ್ ಒಂದು ಉಪಾಯ ಹೂಡಿದ್ದ. ಇಂಥ ಉಪಾಯಕ್ಕೆ ತಲೆ ಓಡಿಸುವವನು ನಿಜ ಹೇಳಲು ಅದರ ಕಾಲು ಭಾಗ ಓಡಿಸಿದ್ದರೂ ಸಾಕಿತ್ತು. ಶನಿವಾರ ಬೆಳಿಗ್ಗೆ ಬುಟ್ಟಿಗಳನ್ನೆಲ್ಲ ಕಾರಿಗೆ ಕಟ್ಟುವುದು. ಇಂಜಿನ್ನಿನ ಹಿಂದೆ ಊರಗಡಿಯವರೆಗೆ ಹೋಗುವುದು. ಅಲ್ಲಿ ಇಂಜಿನ್ನು ಹಿಂದಿರುಗುತ್ತದೆ. ಆಮೇಲೆ ಹಳೆಯ ಗಣಿಯ ಬೂದಿಗುಡ್ಡದ ಹಿಂದಿನ ಮಣ್ಣುದಾರಿಯಲ್ಲಿ ಬಳಸಿಕೊಂಡು ಬಂದು ಹಿತ್ತಲ ಬಾಗಿಲಿನಿಂದ ಮನೆ ಸೇರುವುದು.

"ಸೇರಿದ ಮೇಲೆ?" ಅನ್ನುವುದು ಕೊರಿನ್‌ಳ ದನಿ. "ಎರಡು ವರ್ಷ ಕಿಟಕಿ ಹತ್ರ ಹೋಗ್ಬಾರ್ದಾ ನಾನು?"

"ಕಿಟಕಿ ಹತ್ರ ಹೋಗು, ಪರದೆ ಸರಿಸ್ಬೇಡ."

"ಅಪ್ಪಾ, ಬಸ್ ಸ್ಟಾಪ್ ಫೈರ್ ಹಾಲಿನ ಎದುರೇ ಇರೋದು!"

"ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?"

ಆಮೇಲೆ ಪೌಲಿನ್‌ಳ ದನಿ, "ಲೆನಾರ್ಡ್, ನಮ್ಮಣ್ಣನಿಗೆ ನಾನೇ ಹೇಳಿಬಿಡ್ತೀನಿ," ಅಂತ. "ಹೇಳಿದ್ರೆ ನಾನು ಫೈರ್ ಕಂಪನಿಯಲ್ಲಿ ಹೇಗೆ ಮುಖ ತೋರಿಸ್ಲಿ?" ಅಂತ ಇವನು. ಮುಖ ಇವನದು, ಮುಚ್ಚಿಕೊಳ್ಳಬೇಕಾದವಳು ಅವಳು! ನಾನು ಪೊರಕೆಯ ಹಿಡಿಯಿಂದ ಗೋಡೆಗೆ ಗುದ್ದಿದೆ.

ಕೊನೆಗೆ ಕೊರಿನ್ ಅಂದಳು, "ಆಯ್ತು ಅಪ್ಪಾ. ಶನಿವಾರ ಹೋಗೋಣ. ಆದ್ರೆ ಕಾರು ನಾನು ಓಡಿಸ್ತೀನಿ."

ಅಷ್ಟಕ್ಕೇ ಲೆನಾರ್ಡ್ ಖುಷಿಯಾದ. ಯಾಕೆಂದು ಕೇಳಲಿಲ್ಲ. ಕೇಳದವರದೇ ತಪ್ಪು ಅಂತ ಅವನೇ ಹೇಳಿದ್ದನಲ್ಲ.

ಆ ಶನಿವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರಿನ ಮೇಲೆ ಬುಟ್ಟಿಗಳನ್ನು ಗೋಪುರದ ಹಾಗೆ ಕಟ್ಟಿದ್ದರು. ಒಳಗೆ ಕೊರಿನ್ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಲೆನಾರ್ಡ್. ಹಿಂದೆ ಪೌಲಿನ್ ಮತ್ತು ನಾನು, ನಮ್ಮ ತೊಡೆಯ ಮೇಲೂ ಬುಟ್ಟಿ. ಬರ್ನಡೀನ್ ಕಿಟಕಿಯಲ್ಲಿ ತಲೆ ತೂರಿಸಿ ಕೊರಿನ್‌ಳ ಎರಡೂ ಕೆನ್ನೆಗೆ ಮುತ್ತಿಟ್ಟು ಹೋ ಎಂದು ಅತ್ತಳು. ಫಾದರ್ ಪವಿತ್ರ ಜಲ ಚಿಮುಕಿಸಿದರು; ಅದರಲ್ಲಿ ಹೆಚ್ಚಿನದು ನನ್ನ ಕನ್ನಡಕದ ಮೇಲೆ ಬಿತ್ತು. ಇಂಜಿನ್ನಿನ ಚಾಲಕನ ಜಾಗದಲ್ಲಿ ಕ್ಲೆಮ್ ತಾನೇ ಕೂತಿದ್ದ. ಸೈರನ್ ಕೂಗಿತು, ಹೊರಟೆವು. ನಮ್ಮ ಹಿಂದೆ ಡ್ವೇನ್‌ನ ಕಾರು, ಅದರ ಹಿಂದೆ ಬರ್ನಡೀನ್‌ಳದು, ಅದರ ಹಿಂದೆ ಅರ್ಧ ಊರು.

ಊರಗಡಿ ಬಂತು. ಇಂಜಿನ್ನು ನಿಲ್ಲಲಿಲ್ಲ.

"ಯಾಕೆ ನಿಲ್ಲಿಸ್ತಿಲ್ಲ?" ಅಂದ ಲೆನಾರ್ಡ್.

ಕ್ಲೆಮ್ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದೆ ಮುಂದೆ ಎಂದು ಸನ್ನೆ ಮಾಡಿದ. ಎರಡೇ ವರ್ಷಕ್ಕೆ ಮುಗಿಸುವವಳಿಗೆ ಊರಗಡಿ ಸಾಲದೆಂದು, ಹೆದ್ದಾರಿಯವರೆಗೂ ಬಿಟ್ಟು ಬರಲು ಅವನು ಮನಸ್ಸು ಮಾಡಿದ್ದ. ಬೂದಿಗುಡ್ಡದ ಮಣ್ಣುದಾರಿ ನಮ್ಮ ಬಲಕ್ಕೆ ಬಂದು ಹಿಂದೆ ಹೋಯಿತು. ಲೆನಾರ್ಡ್ ಕತ್ತು ತಿರುಗಿಸಿ ಅದನ್ನೇ ನೋಡಿದ.

"ಅಪ್ಪಾ," ಅಂದಳು ಕೊರಿನ್, ರಸ್ತೆಯಿಂದ ಕಣ್ಣು ತೆಗೆಯದೆ, "ಇವತ್ತು ಕೌಂಟಿ ಕಾಲೇಜಲ್ಲಿ ಹೊಸಬರೆಲ್ಲ ಬರ್ಬೇಕಾದ ದಿನ. ತಿಂಗಳಿಂದ ಹೇಳ್ತಿದೀನಿ."

"ಇವತ್ತಾ?"

"ಇವತ್ತೇ."

ಮುಚ್ಚಿಹೋದ ಅಂಗಡಿ ಕಂಡಿತು. ಕೊರಿನ್ ಎಡಗಡೆಯ ಸಿಗ್ನಲ್ ಹಾಕಿದಳು. ಲೆನಾರ್ಡ್, "ಮಗಳೇ ಮಗಳೇ ಮಗಳೇ," ಅನ್ನುತ್ತಲೇ ಇದ್ದ. ಅವಳು ಎಡಕ್ಕೆ ತಿರುಗಿಸಿದಳು. ಇಂಜಿನ್ನು ಸೈರನ್ ಹಾಕಿಕೊಂಡು ನೇರವಾಗಿ ಹೋಯಿತು. ಹಿಂದಿದ್ದ ಅರ್ಧ ಊರು ಬುಟ್ಟಿಗಳ ಗೋಪುರವನ್ನು ನಂಬಿಕೊಂಡು ಬಂದಿದ್ದರಿಂದ ನಮ್ಮ ಜತೆಗೇ ತಿರುಗಿತು.

ಕ್ಲೆಮ್ ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದನಂತೆ. ಹಿಂದೆ ಯಾರೂ ಇಲ್ಲ. ಕಾರಿಗೆ ಬೆಂಕಿ ಬಿದ್ದಿರಬೇಕೆಂದೇ ತಿಳಿದ. ಇಂಜಿನ್ನು ತಿರುಗಿಸಿ, ಎಲ್ಲ ದೀಪ, ಎಲ್ಲ ಗಂಟೆ ಹಾಕಿಕೊಂಡು ಕಾಲೇಜಿನ ಅಂಗಳಕ್ಕೆ ನುಗ್ಗಿದ. ಅದನ್ನು ಕಂಡ ಕಾವಲುಗಾರ ತಾನೇನು ಮಾಡಬೇಕೋ ಅದನ್ನು ಮಾಡಿದ: ಗೋಡೆಯ ಮೇಲಿನ ಬೆಂಕಿ ಗಂಟೆಯ ಕೆಂಪು ಹಿಡಿ ಎಳೆದು, "ಎಲ್ಲರೂ ಹೊರಗೆ! ಎಲ್ಲರೂ ಹೊರಗೆ!" ಎಂದು ಕೂಗಿದ. ಬಾಗಿಲುಗಳಿಂದ ಜನ ಸುರಿದರು. ಹೊಸ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ಕಂಕುಳಲ್ಲಿ ಕೂಸು ಹಿಡಿದ ತಾಯಂದಿರು, ಫ್ಯಾಕ್ಟರಿಯ ಬೂಟು ಹಾಕಿಕೊಂಡ ಗಂಡಸರು.

ಕ್ಲೆಮ್ ಪೈಪು ಎಳೆದುಕೊಂಡು ಓಡಿಬಂದ. "ಎಲ್ಲಿ? ಎಲ್ಲಿ ಬೆಂಕಿ?"

"ನನ್ನ ಕೇಳ್ತೀರಾ?" ಅಂದ ಕಾವಲುಗಾರ. "ಇಂಜಿನ್ನು ತಂದವರು ನೀವು!"

"ಕರೆದದ್ದು ಯಾರು?"

"ಯಾರೂ ಕರೀಲಿಲ್ಲ!"

"ಕರೀದೆ ಜನರನ್ನ ಯಾಕೆ ಹೊರಗೆ ಹಾಕಿದ್ರಿ?"

"ಕರೀದೆ ನೀವು ಯಾಕೆ ಬಂದ್ರಿ?"

ಇಬ್ಬರೂ ಕರ್ತವ್ಯ ಮಾಡಿದವರೇ. ಇಬ್ಬರ ಮುಖವೂ ಟೊಮೇಟೊ ಹಾಗಾಗಿತ್ತು. ಕೊರಿನ್ ಕಾರಿನಿಂದ ಇಳಿದು ಅವರ ನಡುವೆ ಹೋಗಿ ನಿಂತಳು.

"ಬೆಂಕಿ ಎಲ್ಲೂ ಇಲ್ಲ ಮಾವ. ನಾನು ಬರ್ಬೇಕಾಗಿದ್ದ ಜಾಗಾನೇ ಇದು. ಎರಡು ವರ್ಷ ಇಲ್ಲಿ ಓದ್ತೀನಿ. ಆಮೇಲೆ ಯೂನಿವರ್ಸಿಟಿಯಲ್ಲಿ ಎರಡು ವರ್ಷ. ಮೇ ತಿಂಗಳಿಗೆ ಮುಂಚೇನೇ ತೀರ್ಮಾನ ಮಾಡಿದ್ದು. ನಾನೇ ಮಾಡಿದ್ದು."

ಕ್ಲೆಮ್‌ನ ಕೈಯಿಂದ ಪೈಪು ಜಾರಿತು. "ಇಲ್ಲೇನಾ? ಕೊರಿನ್, ಇದು ಹದಿಮೂರನೇ..."

ಅಂಗಳದಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಕೂಸು ಹಿಡಿದಿದ್ದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. "ಹದಿಮೂರನೇ ಏನು ಅಂದ್ರಿ ಸ್ವಾಮಿ? ಪೂರ್ತಿ ಹೇಳಿ, ಕೇಳೋಣ."

ಕ್ಲೆಮ್ ಒಂದು ಹೆಜ್ಜೆ ಹಿಂದೆ ಸರಿದ. ಉರಿಯುವ ಮನೆಗೆ ನುಗ್ಗಿದವನು ಅವನು. ಆದರೆ ಅಷ್ಟು ಜನ ಹದಿಮೂರನೇ ಕ್ಲಾಸಿನವರನ್ನು ಅವನು ಒಟ್ಟಿಗೆ ಎಂದೂ ಕಂಡಿರಲಿಲ್ಲ. ಲೆನಾರ್ಡನ ಕಡೆ ತಿರುಗಿದ. "ನೀನು ಹೋಗ್ತಾಳೆ ಅಂದೆ!"

"ಹೋಗ್ತಾಳೆ ಭಾವ," ಅಂದ ಲೆನಾರ್ಡ್, ಕಾರಿನ ಬಾಗಿಲ ಹಿಂದೆ ನಿಂತುಕೊಂಡು. "ಯಾವಾಗ ಅಂತ ನೀವು..."

"ಅಪ್ಪಾ!" ಅಂದಳು ಕೊರಿನ್.

ಲೆನಾರ್ಡ್ ಬಾಗಿಲ ಹಿಂದಿನಿಂದ ಈಚೆ ಬಂದು, ಆ ವರ್ಷದಲ್ಲಿ ಮೊದಲ ಸಲ, ಕೇಳಿದವರಿಗೆ ಖುಷಿಯಾಗದ ಮಾತು ಹೇಳಿದ. "ಅವಳು ಸರಿಯಾಗೇ ಹೇಳಿದ್ಲು. ನಾನೇ ನಿಮ್ಮ ಹತ್ರ ಮುಚ್ಚಿಟ್ಟೆ. ನಾಚಿಕೆ ಆಯ್ತು ನನಗೆ. ಅವಳಿಗಲ್ಲ, ನನಗೆ."

ಆ ಮಾತಿನ ಬೆಲೆ ತಿಳಿಯಲು ಯಾರಿಗೂ ಪುರುಸೊತ್ತು ಸಿಗಲಿಲ್ಲ. ಬರ್ನಡೀನ್ ಜನರನ್ನು ಸೀಳಿಕೊಂಡು ಬಂದು ಕಾರಿನ ಮೇಲಿನ ಹಗ್ಗಕ್ಕೆ ಕೈಹಾಕಿದಳು. "ನನ್ನ ಬುಟ್ಟಿ ಎಲ್ಲಿ? ಹಾಸ್ಟೆಲಿಗೆ ಅಂತ ಕೊಟ್ಟದ್ದು ನಾನು! ಬಸ್ಸಲ್ಲಿ ಓಡಾಡೋರಿಗೆ ಉದ್ದ ಬೆಡ್‌ಶೀಟು ಯಾಕೆ?"

ಅಲ್ಲಿಯವರೆಗೆ ನಾನು ಬಾಯಿ ತೆರೆದಿರಲಿಲ್ಲ. ಕಿಟಕಿಯ ಗಾಜು ಇಳಿಸಿದೆ.

"ಬರ್ನಡೀನ್, ಹೋದ ವರ್ಷ ನಿನ್ನ ಸೊಂಟ ಮುರಿದಾಗ ಆಸ್ಪತ್ರೆಯಲ್ಲಿ ನಿನ್ನ ಎತ್ತಿ ಕೂರಿಸ್ತಿದ್ದ ನರ್ಸಮ್ಮ ಎಲ್ಲಿ ಓದಿದವಳು?"

ಓದಿದ್ದು ಇದೇ ಕಾಲೇಜಿನಲ್ಲಿ. ನೀವು ಅವಳು ನಾಚಿಕೊಂಡಳು ಅಂದುಕೊಳ್ಳುತ್ತೀರಿ. ಇಲ್ಲ. ಹಗ್ಗ ಬಿಚ್ಚಿ, ತನ್ನ ಬುಟ್ಟಿ ಗುರುತು ಹಿಡಿದು, ಕಂಕುಳಲ್ಲಿ ಅವುಚಿಕೊಂಡು ಹೋದಳು. ಹೋಗುವಾಗ ಕಾಲೆಳೆಯಲಿಲ್ಲ, ನರ್ಸಮ್ಮ ಕೆಲಸ ಚೆನ್ನಾಗಿ ಮಾಡಿದ್ದಳು.

ಆಮೇಲೆ ಕಾಲೇಜಿನ ಅಂಗಳದಲ್ಲೇ ಸಂತೆ ಶುರುವಾಯಿತು. ನನ್ನದು ಗುಲಾಬಿ ಟವೆಲ್ಲು, ನಿನ್ನದು ಹಳದಿ, ಆ ಇಸ್ತ್ರಿ ಪೆಟ್ಟಿಗೆ ನಮ್ಮದು. ಕೊಟ್ಟವರೇ ಕಿತ್ತುಕೊಳ್ಳಲು ಸಾಲು ನಿಂತರು. ನಾಲ್ಕೈದು ತಿಂಗಳ ಹಿಂದೆ ಇದೇ ಕೈಗಳು ಅವಳ ತಲೆ ಸವರಿದ್ದವು! ಹುಡುಗಿ ಅದೇ ಹುಡುಗಿ, ಬುದ್ಧಿ ಅದೇ ಬುದ್ಧಿ, ಕೊನೆಗೆ ಬರುವ ಡಿಗ್ರಿಯೂ ಅದೇ. ಇಪ್ಪತ್ತು ಮೈಲಿಯೊಳಗೆ ಓದಿದರೆ ಅವಳಿಗೆ ಶಾಂಪೂ ಹಾಕಿಕೊಳ್ಳುವ ಯೋಗ್ಯತೆ ಇಲ್ಲವೆಂದು ಯಾವ ಧರ್ಮದಲ್ಲಿ ಬರೆದಿದೆ? ಫಾದರ್ ಒಬ್ಬರೇ ದೀಪ ವಾಪಸ್ಸು ಕೇಳಲಿಲ್ಲ. "ಓದೋಕೆ ಎಲ್ಲಾದ್ರೂ ಬೆಳಕು ಬೇಕಲ್ಲಮ್ಮ," ಅಂದರು. ಡ್ವೇನ್ ಕೊರಿನ್‌ಳ ಕೈ ಕುಲುಕಿ ತನ್ನ ಪಾಡಿಗೆ ಯೂನಿವರ್ಸಿಟಿಯ ದಾರಿ ಹಿಡಿದ. ಒಳ್ಳೆಯ ಹುಡುಗ, ಅಲ್ಲಿ ಚೆನ್ನಾಗಿಯೇ ಓದಿದ. ಅವನ ಮೇಲೆ ನನ್ನ ತಕರಾರು ಏನೂ ಇಲ್ಲ.

ಕಾವಲುಗಾರ ಗಂಟೆ ನಿಲ್ಲಿಸಿ, "ಬೆಂಕಿ ಇಲ್ಲ, ಒಳಗೆ ಬನ್ನಿ," ಎಂದು ಕೂಗಿದ. ಕೊರಿನ್ ಹಿಂತಿರುಗಿ ನೋಡದೆ ಎಲ್ಲರ ಜತೆ ಒಳಗೆ ಹೋದಳು.

ಎರಡು ವರ್ಷ ಅವಳು ಫೈರ್ ಹಾಲಿನ ಎದುರೇ ಬಸ್ಸು ಹತ್ತಿದಳು, ಮಫ್ಲರ್ ಸುತ್ತಿಕೊಳ್ಳದೆ. ನಮ್ಮ ಹಳ್ಳದ ನೀರು ಯಾಕೆ ಕಿತ್ತಳೆ ಬಣ್ಣ ಎಂದು ಯಾವುದೋ ತರಗತಿಯಲ್ಲಿ ಕೇಳಿದರಂತೆ. ಮುಚ್ಚಿದ ಗಣಿಗಳಿಂದ ಸೋರುವ ನೀರದು, ನಾವು ಹುಟ್ಟಿದಾಗಿನಿಂದ ಹಾಗೇ ಇದೆ, ಯಾಕೆಂದು ಕೇಳಬೇಕೆಂದು ನಮಗೆ ತೋಚಿರಲಿಲ್ಲ. ಅವಳಿಗೆ ಅದೇ ಹಿಡಿಸಿತು. ಸೀಸೆಗಳಲ್ಲಿ ಹಳ್ಳದ ನೀರು ತುಂಬಿಸಿ ನನ್ನ ಅಡಿಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದಳು. ಎರಡು ವರ್ಷ ಮುಗಿಯಿತು. ಆ ನೀರನ್ನೇ ಮುಂದೆ ಓದಲು, ಹೇಳಿದ್ದ ಹಾಗೆಯೇ, ಅದೇ ಯೂನಿವರ್ಸಿಟಿಯಲ್ಲಿ ಮೂರನೇ ವರ್ಷಕ್ಕೆ ಜಾಗ ಸಿಕ್ಕಿತು.

ಲೆನಾರ್ಡ್ ಫೈರ್ ಹಾಲಿಗೆ ಓಡಿದ. ನಾನೂ ಹಿಂದೆಯೇ ಹೋದೆ, ನೋಡಬೇಕಿತ್ತು.

"ಭಾವ! ಕೊರಿನ್ ಯೂನಿವರ್ಸಿಟಿಗೆ ಹೋಗ್ತಾಳೆ!"

ಕ್ಲೆಮ್ ಇಂಜಿನ್ನು ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. "ಹೌದಯ್ಯಾ, ಗೊತ್ತು. ನೀನೇ ಹೇಳಿದ್ದೆ."

"ಆವಾಗ ಹೇಳಿದ್ದು ಬೇರೆ! ಇದು ನಿಜ!"

"ಆವಾಗ್ಲೂ ನೀನು ಇದೇ ಮುಖ ಮಾಡ್ಕೊಂಡೇ ಹೇಳಿದ್ದು."

"ಈ ಆಗಸ್ಟಲ್ಲಿ ಹೊರಡ್ತಾಳೆ ಭಾವ! ಇಂಜಿನ್ನು..."

"ನೋಡು ಲೆನಾರ್ಡ್," ಅಂದ ಕ್ಲೆಮ್, ಬಟ್ಟೆ ಹಿಂಡುತ್ತ. ದನಿಯಲ್ಲಿ ಕೋಪವಿರಲಿಲ್ಲ, ನಿಯಮ ಓದುವವನ ಹಾಗಿತ್ತು. "ಈ ಊರು ಅವಳನ್ನ ಒಂದ್ಸಲ ಕಳಿಸಿಕೊಟ್ಟಾಗಿದೆ. ಒಬ್ಬ ಹುಡುಗಿಗೆ ಒಂದೇ ಸಲ."

ಬರ್ನಡೀನ್ ಕಡುಬಿನ ಹಿಟ್ಟು ನಾದುತ್ತಿದ್ದಳು. ಲೆನಾರ್ಡ್ ಅವಳ ಕಡೆ ತಿರುಗಿದ.

"ನಾನು ಅವಳಿಗೆ ಅತ್ತಾಗಿದೆ," ಅಂದಳು ಬರ್ನಡೀನ್.

ಲೆನಾರ್ಡ್ ಬೀದಿಗೆ ಬಂದು, ಹೋಗಿಬರುವವರಿಗೆಲ್ಲ ಹೇಳಿದ. ಅಂಗಡಿಗಳಿಗೆ ಚಿಪ್ಸ್ ಹಾಕುವಾಗ ಹೇಳಿದ. ಎಲ್ಲರೂ "ಹೌದು ಹೌದು," ಅಂದರು. ಪೂರ್ತಿ ಸತ್ಯವನ್ನು, ತಾರೀಕಿನ ಸಮೇತ, ಇಷ್ಟು ಜೋರಾಗಿ ಅವನು ಜನ್ಮದಲ್ಲಿ ಹೇಳಿರಲಿಲ್ಲ. ಒಬ್ಬರೂ ಹುಬ್ಬೇರಿಸಲಿಲ್ಲ.

ಈಗಲೂ ಫೈರ್ ಹಾಲಿನಲ್ಲಿ ಕೇಳಿ ನೋಡಿ. ಕೊರಿನ್ ಊರು ಬಿಟ್ಟದ್ದು ಆ ಶನಿವಾರ, ಇಂಜಿನ್ನಿನ ಹಿಂದೆ ಅನ್ನುತ್ತಾರೆ. ಕೆಲವರು ಹೆದ್ದಾರಿಯವರೆಗೂ ಬಿಟ್ಟುಬಂದೆವು ಅಂತಲೂ ಸೇರಿಸುತ್ತಾರೆ. ನಾನು ಹಿಂದಿನ ಸೀಟಿನಲ್ಲಿದ್ದೆ. ಅವತ್ತು ಅವಳು ಎಲ್ಲಿಗೂ ಹೋಗಲಿಲ್ಲ, ಸಂಜೆ ನನ್ನ ಮನೆಯಲ್ಲೇ ಉಂಡಳು. ಅವಳು ಹೊರಟದ್ದು ಅದಾಗಿ ಎರಡು ವರ್ಷಕ್ಕೆ, ಆಗಸ್ಟಿನಲ್ಲಿ, ಬೆಳಿಗ್ಗೆ ಬಿಸಿಲೇರುವ ಮುಂಚೆ. ಪೌಲಿನ್ ಕಾರು ಓಡಿಸಿದಳು. ಲೆನಾರ್ಡ್ ಪಕ್ಕದಲ್ಲಿ ಕೂತು ಒಂದೂ ಮಾತಾಡದೆ ಅತ್ತ. ಬೀದಿಯಲ್ಲಿ ನಾನೊಬ್ಬಳೇ ಇದ್ದೆ. ಅದು ಗುರುವಾರ.